ನಮ್ಮ ಓಣಿಯೂ ಆ ದೂರದ ಗ್ರಹವೂ

ಸಿಟ್ಟು ನನ್ನ ಹುಟ್ಟುಗುಣವಲ್ಲ. ಜೇವರ್ಗಿಯಲ್ಲಿ ಮಾಳಿಗೆಯ ಮೇಲೆ ದುರ್ಬೀನು ಇಟ್ಟುಕೊಂಡ ಭೌತಶಾಸ್ತ್ರದ ಮೇಷ್ಟ್ರಿಗೆ ಅದು ತಾನಾಗಿ ಬರುತ್ತದೆ, ವಾರ ತಪ್ಪುವುದಿಲ್ಲ.

ನನ್ನ ಕೆಲಸ ಇಷ್ಟೇ. ದೂರದ ಒಂದು ನಕ್ಷತ್ರದ ಮುಂದೆ ದೈತ್ಯ ಗ್ರಹ ಹಾದುಹೋದಾಗ ಅದರ ಬೆಳಕು ಚೂರು ತಗ್ಗುತ್ತದೆ. ತಗ್ಗುವ ಮೊದಲು, ತಗ್ಗಿದಾಗ, ಮತ್ತೆ ಏರಿದ ಮೇಲೆ, ಮೂರೂ ಅಳತೆ ಸಿಕ್ಕರೆ ಗ್ರಹ ಇರುವುದು ಗಟ್ಟಿಯಾಗುತ್ತದೆ, ಗಾತ್ರವೂ ತಿಳಿಯುತ್ತದೆ. ಚಳಿಗಾಲ ಮುಗಿಯುವುದರೊಳಗೆ ಒಂದು ಪೂರ್ತಿ ಅಳತೆ ಕೊಡದಿದ್ದರೆ ಈ ಕೆಲಸ ಒಪ್ಪಿಸಿದ ಖಗೋಳ ತಂಡದವರು ನನ್ನ ನಕ್ಷತ್ರವನ್ನು ಬೇರೆಯವರಿಗೆ ಕೊಡುತ್ತಾರೆ.

ಫೋಕಸ್ ಲೈಟು

ಪಕ್ಕದ ಮನೆಯ ಅಕ್ಕ ನೀರಿನ ಟಾಕಿಯ ಮೇಲೆ ಫೋಕಸ್ ಲೈಟು ಹಾಕಿಸಿದರು. ನೇರ ನನ್ನ ದುರ್ಬೀನಿನ ಮುಖಕ್ಕೆ.

"ಅಕ್ಕಾರ, ಸಂಜಿಮುಂದ ಸ್ವಲ್ಪ ಬಂದ್ ಮಾಡ್ರಿ."

"ನಿಮ್ಮ ನಕ್ಷತ್ರದಾಗ ಬೆಳಕು ಕಮ್ಮಿ ಅದ ಅಂತ ನಾವು ಕತ್ತಲದಾಗ ಕುಂದರಬೇಕೇನ್ರಿ?"

ಪ್ರಾಚಾರ್ಯರ ಭೇಟಿ

ಒಂದು ರಾತ್ರಿ ಅಳತೆ ನಡೆದಿರುವಾಗಲೇ ನಮ್ಮ ಕಾಲೇಜಿನ ಪ್ರಾಚಾರ್ಯರು ನೋಡಲು ಬಂದರು. "ಗ್ರಹ ಎಲ್ಲದರಿ?"

"ಕಾಣೂದಿಲ್ರಿ ಸರ. ನಕ್ಷತ್ರದ ಬೆಳಕು ತುಸು ಕಮ್ಮಿ ಆಗೂದು ಅಷ್ಟ ತಿಳೀತದ."

"ಬೆಳಕು ಕಮ್ಮಿ ಆಗೂದು ನೋಡಾಕ ಇಷ್ಟೆಲ್ಲಾ ಯಾಕ್ರಿ? ನಮ್ಮ ಮನ್ಯಾಗ ವೋಲ್ಟೇಜ್ ಇಳದು ದಿನಾ ಆಗ್ತದ."

ಹೀಗಂದು ದುರ್ಬೀನಿನ ಸ್ಟ್ಯಾಂಡಿಗೆ ಆರಾಮಾಗಿ ಒರಗಿ ನಿಂತರು. ನಕ್ಷತ್ರ ಚೌಕಟ್ಟಿನಿಂದಲೇ ಹೊರಗೆ ಹೋಯಿತು. ಮೈಯೆಲ್ಲ ಉರಿಯಿತು. ಆದರೆ ರಜೆ ಮಂಜೂರು ಮಾಡುವವರೂ ಅವರೇ. ಚಹಾ ತರಿಸಿದೆ.

ಗ್ರಹಣ

ಮುಂದಿನ ಸಲ ಗ್ರಹ ಹಾಯುವ ಹೊತ್ತಿಗೂ ಲೈಟು ಉರಿಯುತ್ತಿದ್ದುದನ್ನು ಕಂಡು ತಾಳ್ಮೆ ಕೆಟ್ಟು ಕೂಗಿದೆ: "ಅಕ್ಕಾರ, ಅಲ್ಲಿ ನಕ್ಷತ್ರಕ್ಕ ಗ್ರಹಣ ಹಿಡದಂಗ ಆಗ್ತದರಿ!"

ಅಕ್ಕ ಗಾಬರಿಯಾದರು. "ಮೊದಲ ಹೇಳಬಾರದೇನ್ರಿ? ಮನ್ಯಾಗ ಬಸರಿ ಸೊಸಿ ಅದಾಳ."

ಲೈಟು ಆರಿತು. ಕ್ಷಣದಲ್ಲಿ ಓಣಿಯೇ ಕತ್ತಲಾಯಿತು. ಬಾಗಿಲು ಮುಚ್ಚಿದವು, ಮೊಸರಿನ ಗಡಿಗೆಗೆ ಗರಿಕೆ ಬಿತ್ತು. ಪ್ರತಿ ಗ್ರಹಣಕ್ಕೂ ಕಾಲೇಜಿನ ಅಂಗಳದಲ್ಲಿ ಉಪ್ಪಿಟ್ಟು ತಿಂದು ಗ್ರಹಣಕ್ಕೆ ಹೆದರಬೇಡಿ ಎಂದು ಭಾಷಣ ಮಾಡುವ ನಾನು ಬಾಯಿ ಮುಚ್ಚಿಕೊಂಡು ಅಳತೆಗೆ ಕೂತೆ. ಬೆಳಕು ತಗ್ಗಿತು. ತಗ್ಗಿಯೇ ಇತ್ತು. ಕಡೆಗೆ ಮೆಲ್ಲಗೆ ಏರತೊಡಗಿತು.

ಕೆಳಗಿನಿಂದ ಅಕ್ಕ ಕೇಳಿದರು, "ಬಿಡ್ತೇನ್ರಿ?"

"ಬಿಡ್ತರಿ!" ಎಂದೆ ಖುಷಿಯಲ್ಲಿ.

ಹಾಗೆ ಹೇಳಿದ್ದೇ ತಪ್ಪಾಯಿತು. ಗ್ರಹಣ ಬಿಟ್ಟಮೇಲೆ ಸ್ನಾನ ಆಗಬೇಕಲ್ಲ. ಎಲ್ಲ ಮನೆಯವರೂ ಒಮ್ಮೆಲೇ ಹಂಡೆಯ ಕೆಳಗೆ ತೊಗರಿ ಕಟ್ಟಿಗೆ ಒಟ್ಟಿದರು. ಹೊಗೆ ಎದ್ದು ನನ್ನ ನಕ್ಷತ್ರವನ್ನೇ ನುಂಗಿತು. ಮೂರನೆಯ ಅಳತೆ ಹೋಯಿತು.

ಹಲ್ಲು ಕಡಿಯುತ್ತ ಕೆಳಗಿಳಿದೆ. ಅಕ್ಕ ತಲೆ ಒರೆಸಿಕೊಳ್ಳುತ್ತ ನಿಂತಿದ್ದರು. "ಮತ್ತ ಯಾವಾಗ ಹಿಡೀತದರಿ?"

"ನಾಕ ದಿನಕ್ಕೊಮ್ಮೆ ಹಿಡೀತದ."

ಅಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಾಕ ದಿನಕ್ಕೊಮ್ಮೆ ಬಸರಿ ಹೆಣ್ಮಗಳನ್ನ ಉಪಾಸ ಕೆಡವೂದೇನ್ರಿ? ಆಕಾಶದಾಗ ಅಷ್ಟ ನಕ್ಷತ್ರ ಅದಾವ. ವರ್ಷಕ್ಕೊಮ್ಮೆ ಹಿಡಿಯೂದು ಒಂದು ನೋಡಿ ಆರಿಸಬಾರದಾ?"