ಬೂಶೈಬನ ತಾಳ್ಮೆ ಪರೀಕ್ಷೆ

ಚಹಾಕ್ಕೆ ಸಕ್ಕರೆ ಕಡಿಮೆಯಾಯಿತೆಂದು ಬೂಶೈಬ್ ಕೂಗಾಡಿದ್ದು ನಿರ್ದೇಶಕ ತಯ್ಬಿಯವರ ಕೋಣೆಯವರೆಗೂ ಕೇಳಿಸಿತು. ಕಾಸಾಬ್ಲಾಂಕಾದ ಆ ಟೈಲ್ಸ್ ಕಾರ್ಖಾನೆಯಲ್ಲಿ ಅವನು ಮಾರಾಟ ವಿಭಾಗದ ಮುಖ್ಯಸ್ಥ.

"ಸಿ ಬೂಶೈಬ್, ಸಫಿ ಶಾಖೆಗೆ ಮ್ಯಾನೇಜರ್ ಆಗ್ಬೇಕು ಅಂತೀರಿ. ಮೊದ್ಲು ಕೋಪ ನುಂಗೋದು ಕಲೀರಿ. ಶನಿವಾರ ತರಬೇತಿಯವರು ಗಾಲ್ಫ್ ಆಡಿಸಿ ಕಲಿಸ್ತಾರಂತೆ. ನಾನೂ ಬರ್ತೀನಿ," ಎಂದರು ತಯ್ಬಿ, ಗೌರವದ 'ಸಿ' ಮಾತ್ರ ಬಿಡದೆ.

ಹೆಂಡತಿ ರಹ್ಮಾ, ಮಕ್ಕಳು ಎಲ್ಲ ಇದ್ದದ್ದು ಸಫಿಯಲ್ಲೇ. ಆರು ವರ್ಷ ವಾರವಾರವೂ ನಾಲ್ಕು ತಾಸು ಬಸ್ಸಿನಲ್ಲಿ ಕುಲುಕಿ ಸವೆದಿದ್ದ ಬೂಶೈಬನ ಸೊಂಟ ಯಾವ ಶಿಕ್ಷೆಗೂ ಒಪ್ಪುವ ಸ್ಥಿತಿಯಲ್ಲಿತ್ತು.

ಶನಿವಾರ ತರಬೇತಿಯ ಮದಾಮ್ ಝೋರ್ ನೋಟ್‌ಬುಕ್ ಹಿಡಿದು ಹಿಂದೆಯೇ ನಡೆದರು. "ಹೊಡೆತ ಮುಖ್ಯ ಅಲ್ಲ. ತಪ್ಪಿದಾಗ ನಾಯಕನಾದವನು ಹೇಗಿರ್ತಾನೆ ಅನ್ನೋದು ಮುಖ್ಯ."

ಬೂಶೈಬನ ಮೊದಲ ಚೆಂಡೇ ಮರಳಗುಂಡಿಗೆ ಬಿತ್ತು. ಏಳು ಸಲ ಬೀಸಿದರೂ ಚೆಂಡು ಕದಲಲಿಲ್ಲ; ಒಣ ಕುಸ್ಕುಸ್ ರವೆ ಮುಕ್ಕಿದವನ ಹಾಗೆ ಬಾಯಿ ತುಂಬ ಮರಳು.

"ಏನಣ್ಣಾ, ಆಟ ಆಡ್ತಿದೀಯೋ, ಬಾವಿ ತೋಡ್ತಿದೀಯೋ?" ಎಂದ ಜೊತೆಗೆ ಆಡಲು ಬಂದಿದ್ದ ಗೋದಾಮಿನ ಮುಖ್ಯಸ್ಥ ಮಿಲೂದ್.

ಬೂಶೈಬ್ ಮರಳಿನ ಜೊತೆ ಕೋಪವನ್ನೂ ನುಂಗಿ ನಕ್ಕ. ಆದರೆ ಸ್ವಂತ ಚೆಂಡು ಕೆರೆಗೆ ಬಿದ್ದಾಗ ಮಿಲೂದ್, "ಈ ಆಟ ಕಂಡುಹಿಡಿದೋನ ಮನೆ ಹಾಳಾಗ!" ಎಂದು ಕೋಲನ್ನೂ ಕೆರೆಗೇ ಎಸೆದ. ಮದಾಮ್ ಏನೋ ಬರೆದುಕೊಂಡರು.

ಎಲ್ಲರಿಗಿಂತ ಕೆಟ್ಟದಾಗಿ ಆಡಿದವರು ತಯ್ಬಿ. ಒಂಬತ್ತು ಹೊಡೆತವನ್ನು ನಾಲ್ಕೆಂದು ಎಣಿಸಿದರು. ಅವರ ಚೆಂಡೊಂದು ಬೂಶೈಬನ ಮೊಣಕಾಲಿಗೆ ಬಡಿಯಿತು.

"ನೀವು ಉಸಿರಾಡಿದ್ರಿ, ಅದಕ್ಕೇ ತಪ್ಪಿತು!"

"ತಪ್ಪಾಯ್ತು ಸಿ ತಯ್ಬಿ, ಇನ್ಮೇಲೆ ಉಸಿರಾಡಲ್ಲ," ಎಂದ ಬೂಶೈಬ್, ಕುಂಟುತ್ತ.

ಸಂಜೆ ಮದಾಮ್ ಫಲಿತಾಂಶ ಓದಿದರು. ಬೂಶೈಬನಿಗೆ ನೂರಕ್ಕೆ ನೂರು, ಮಿಲೂದನಿಗೆ ಸೊನ್ನೆ. ತಯ್ಬಿಯವರ ಕಣ್ಣು ತುಂಬಿತು. ಎದ್ದು ಬಂದು ಬೂಶೈಬನನ್ನು ಅಪ್ಪಿಕೊಂಡರು.

"ಹದಿನೇಳು ವರ್ಷದಿಂದ ಆಡ್ತಿದೀನಿ. ನನ್ನ ಜೊತೆ ಒಂದ್ಸಲ ಆಡಿದೋರು ಮತ್ತೆ ಈ ಕಡೆ ತಲೆ ಹಾಕಿಲ್ಲ. ಇಂಥ ಮನುಷ್ಯನ್ನ ಸಫಿಗೆ ಕಳಿಸೋಕೆ ನನಗೇನು ಹುಚ್ಚೇ? ಆ ಗಂಟಲು ಹರ್ಕೊಳ್ಳೋ ಮಿಲೂದ್ ಹೋಗ್ಲಿ ಅಲ್ಲಿಗೆ, ನನ್ನ ಕಿವಿಗೆ ನೆಮ್ಮದಿ. ನೀವು ಇಲ್ಲೇ ಇರಿ. ಇನ್ಮೇಲೆ ಪ್ರತಿ ಶನಿವಾರ, ಭಾನುವಾರ ನಾವಿಬ್ರೂ ಆಡೋಣ!"

ಬೂಶೈಬ್ ಹುಲ್ಲಿನ ಮೇಲೆ ಕೂತು ಮೊಣಕಾಲು ನೀವಿಕೊಳ್ಳುತ್ತ ಮನೆಗೆ ಫೋನ್ ಮಾಡಿದ.

"ರಹ್ಮಾ, ಈ ವಾರ ಬರಕ್ಕಾಗಲ್ಲ. ಮುಂದಿನ ವಾರಾನೂ... ಆಗಲ್ಲ."



"ಅಯ್ಯೋ, ಇಷ್ಟು ಮೆತ್ತಗೆ ಮಾತಾಡ್ತಿದೀರಲ್ಲ," ಎಂದಳು ರಹ್ಮಾ ಗಾಬರಿಯಿಂದ. "ಜ್ವರ ಏನಾದ್ರೂ ಬಂದಿದ್ಯಾ?"