ದೊಡ್ಡಪ್ಪನ ದೋಣಿಗೆ ಮೂಗು ಬೇಕಾಗಿದೆ!

ದೆಹಲಿಯಲ್ಲಿ ಸಮುದ್ರವಿಲ್ಲ ಎಂಬುದು ಶಾಲೆಯ ಮಕ್ಕಳಿಗೂ ಗೊತ್ತು. ನಮ್ಮ ದೊಡ್ಡಪ್ಪನಿಗೆ ಮಾತ್ರ ಆ ಸುದ್ದಿ ಇನ್ನೂ ತಲುಪಿಲ್ಲ! ನಿವೃತ್ತರಾದವರು ಮಂಡಿಗೆ ಎಣ್ಣೆ ತಿಕ್ಕಿಕೊಂಡು ಪೇಪರ್ ಓದುತ್ತಾರಲ್ಲವೇ? ಇವರು ಹಳೆಯ ಹಾಯಿದೋಣಿಯೊಂದನ್ನು ಕೊಂಡು, ಲಾರಿಯಲ್ಲಿ ತರಿಸಿ, ದ್ವಾರಕಾ ಬಡಾವಣೆಯ ತಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ನಿಲ್ಲಿಸಿದರು. ಹರಿಯಾಣದ ಕಡೆಯ ಕೆರೆಯೊಂದರಲ್ಲಿ ಅದನ್ನು ತೇಲಿಸಬೇಕು, ದೊಡ್ಡಮ್ಮನನ್ನು ಕೂರಿಸಿಕೊಂಡು ಇಡೀ ದಿನ ಸುತ್ತಬೇಕು ಎಂಬುದು ಅವರ ಆಸೆ.

ದೊಡ್ಡಮ್ಮನೂ ಸಾಮಾನ್ಯರಲ್ಲ. ಕರೋಲ್ ಬಾಗ್‌ಗೆ ಸೀರೆ ಕೊಳ್ಳಲು ಹೋದರೆ ಸುಡು ಬಿಸಿಲಿನಲ್ಲೂ ಹನಿ ನೀರು ಮುಟ್ಟುವವರಲ್ಲ. ನಿಂಬೆ ಪಾನಕ ಮುಂದೆ ಹಿಡಿದರೂ "ಮನೆಗೆ ಹೋಗಿ ಕುಡೀತೀನಿ" ಎನ್ನುತ್ತಾರೆ. ಯಾವುದೋ ವ್ರತವಿರಬೇಕು ಎಂದುಕೊಂಡಿದ್ದೆ.

ದೋಣಿಯ ಹೊಟ್ಟೆಯಲ್ಲಿ ಪುಟ್ಟ ಕೋಣೆ, ಕೋಣೆಯ ಮೂಲೆಯಲ್ಲಿ ಪುಟ್ಟ ಟಾಯ್ಲೆಟ್. ದೊಡ್ಡಮ್ಮ ಬಂದರು, ಇಣುಕಿದರು, ಸೆರಗಿನಿಂದ ಮೂಗು ಮುಚ್ಚಿಕೊಂಡು ಇಳಿದೇಬಿಟ್ಟರು.

"ಈ ವಾಸನೆ ಹೋಗೋವರೆಗೂ ನನ್ನನ್ನ ಹತ್ತು ಅನ್ಬೇಡಿ!"

"ಟಾಯ್ಲೆಟ್ಟೇ ಕಿತ್ತು ಬಿಸಾಡಿ ದೊಡ್ಡಪ್ಪ. ಕೆರೆ ಸುತ್ತೋಕೆ ಅದ್ಯಾಕೆ?" ಎಂದೆ.

"ಬೇಕಾದ್ರೆ ಹಾಯಿ ಕಿತ್ತು ಬಿಸಾಡ್ತೀನಿ. ಟಾಯ್ಲೆಟ್ ಇರ್ಲೇಬೇಕು!"

ಇಂಥವರ ಜೊತೆ ಯಾರು ವಾದ ಮಾಡುತ್ತಾರೆ?

ಇನ್ನೊಂದು ತಮಾಷೆ ಕೇಳಿ. ಕರೋನಾ ಬಂದು ಹೋಗುವಾಗ ದೊಡ್ಡಪ್ಪನಿಗೆ ವಾಸನೆ ತಿಳಿಯುವ ಶಕ್ತಿಯನ್ನೂ ಕೊಂಡೊಯ್ದಿತ್ತು. ಅವರ ಮೂಗೀಗ ಕನ್ನಡಕ ಕೂರಿಸುವುದಕ್ಕೆ ಮಾತ್ರ! ಹಾಗಾಗಿ ಮುನಿರ್ಕಾದಲ್ಲಿ ರೂಮು ಮಾಡಿಕೊಂಡು ಓದುತ್ತಿದ್ದ ನನಗೂ ನನ್ನ ಗೆಳೆಯರಿಗೂ ಭಾನುವಾರ ಬಿಸಿಬೇಳೆ ಭಾತಿನ ಕರೆ ಬರತೊಡಗಿತು. ಹಸಿದುಕೊಂಡು ಹೋದರೆ, "ಅಚ್ಛಾ, ಬಂದ್ರಾ? ಚಲೋ, ಮೊದ್ಲು ಮೂಗು, ಆಮೇಲೆ ಊಟ!" ಎಂದು ಒಬ್ಬೊಬ್ಬರನ್ನೇ ದೋಣಿಯ ಟಾಯ್ಲೆಟ್ಟಿನೊಳಗೆ ತಳ್ಳಿ ಬಾಗಿಲು ಹಾಕುತ್ತಿದ್ದರು. ಗೆಳೆಯ ಇಮ್ರಾನ್ ಬೇಗ ಊಟ ಸಿಗಲೆಂದು, "ಒಳಗೆಲ್ಲ ಮಲ್ಲಿಗೆ ಪರಿಮಳ ಅಂಕಲ್!" ಎಂದುಬಿಟ್ಟ.

"ಹೌದಾ? ಹಾಗಾದ್ರೆ ಇನ್ನೂ ಸ್ವಲ್ಪ ಹೊತ್ತು ಕೂತು ಆನಂದಪಡು!" ಎಂದು ದೊಡ್ಡಪ್ಪ ಮತ್ತೆ ಬಾಗಿಲು ಹಾಕಿದರು.

ಮಾಡದ ಮದ್ದಿಲ್ಲ! ನುಸಿಗುಳಿಗೆ ಆಯಿತು, ಕರ್ಪೂರ ಆಯಿತು. ಒಂದು ದಿನ ಕೆಂಡಕ್ಕೆ ಸಾಂಬ್ರಾಣಿ ಸುರಿದರು ನೋಡಿ, ದೋಣಿಯಿಂದ ಹೊಗೆಯೋ ಹೊಗೆ! ಕಾವಲುಗಾರ ಬಕೆಟ್ ಹಿಡಿದು ಓಡಿ ಬಂದ. ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ, "ಅಂಕಲ್‌ಜೀ, ಯೇ ನಾವ್ ಹೈ ಯಾ ಮಂದಿರ್?" ಇದು ದೋಣಿಯೋ ಗುಡಿಯೋ ಎಂದು ಕೂಗಾಡಿದರು. ಮೇಲಿನ ಮನೆಯ ಅಜ್ಜಿಯಂತೂ ಚಪ್ಪಲಿ ಬಿಟ್ಟು, ದೋಣಿಗೆ ಕೈ ಮುಗಿದು ಹೋದರು.

ಕೊನೆಗೆ ಕಳ್ಳ ಸಿಕ್ಕಿದ್ದು ಒಂದು ಒದ್ದೆ ಬಟ್ಟೆಯಿಂದ. ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಟಾಯ್ಲೆಟ್ಟಿನ ಪೈಪಿಗೆ ಸುತ್ತಿ, ಆರಿದ ಮೇಲೆ ಮೂಸಿ ನೋಡಬೇಕಂತೆ. ದೂರದೇಶದ ದೋಣಿಯವರ್ಯಾರೋ ಇಂಟರ್ನೆಟ್ಟಿನಲ್ಲಿ ಹೇಳಿದ್ದರು. ಮೂಸುವವನು ನಾನೇ ತಾನೆ? ಮೂಸಿದೆ. ಶಿವ ಶಿವಾ! ಕಣ್ಣಲ್ಲಿ ನೀರೇ ಬಂತು.

"ನಾರ್ತಿದೆ ದೊಡ್ಡಪ್ಪ!"

ಲಾಟರಿ ಹೊಡೆದವರಂತೆ ಅವರು ನನ್ನನ್ನು ತಬ್ಬಿಕೊಂಡು ಕುಣಿದರು! ಇಷ್ಟು ದಿನ ನಾವು ಬೈಯುತ್ತಿದ್ದ, ಟಾಯ್ಲೆಟ್ಟಿನ ಹೊಲಸು ತುಂಬುವ ಟ್ಯಾಂಕಿನದು ಏನೂ ತಪ್ಪಿರಲಿಲ್ಲ. ವರ್ಷಾನುಗಟ್ಟಲೆ ಹೊಲಸನ್ನು ಹೀರಿಕೊಂಡಿದ್ದ ರಬ್ಬರ್ ಪೈಪೇ ಒಳಗಿನಿಂದ ನಾರುತ್ತಿತ್ತು. ಹೊಸ ಪೈಪು ಹಾಕಿ, ಟ್ಯಾಂಕಿಗೆ ಚೆನ್ನಾಗಿ ಗಾಳಿಯಾಡುವಂತೆ ಮಾಡಿದ್ದೇ ತಡ, ವಾಸನೆ ಮಾಯ!

ಚಳಿ ಕಳೆದ ಮೇಲೆ ದೋಣಿ ಕೆರೆಗಿಳಿಯಿತು. ದೊಡ್ಡಮ್ಮ ಹತ್ತಿದರು. ನೇರವಾಗಿ ಟಾಯ್ಲೆಟ್ಟಿಗೆ ಹೋಗಿ ಬಾಗಿಲು ಹಾಕಿಕೊಂಡರು. ಹೊರಗೆ ದೊಡ್ಡಪ್ಪ ಹಗ್ಗ ಹಿಡಿದು, ರಿಸಲ್ಟ್ ಕಾಯುವ ಹುಡುಗನಂತೆ ನಿಂತಿದ್ದರು. ದೊಡ್ಡಮ್ಮ ಬಂದು ಕುಳಿತರು. ದೋಣಿ ದಡ ಬಿಟ್ಟು ಸ್ವಲ್ಪ ದೂರ ಹೋದ ಮೇಲೆ ಕೈ ಚಾಚಿದರು.

"ಆ ನೀರಿನ ಬಾಟಲಿ ಕೊಡಿ."

ಗಟಗಟನೆ ಕುಡಿದರು. ದೊಡ್ಡಪ್ಪ ಹಾಯಿ ಸರಿಮಾಡುವ ನೆಪದಲ್ಲಿ ನನ್ನ ಕಡೆ ತಿರುಗಿದರು. ಅವರ ಕಣ್ಣು ತುಂಬಿತ್ತು.

"ದಿಲ್ಲಿಗೆ ಬಂದಾಗಿನಿಂದ ನಿಮ್ಮ ದೊಡ್ಡಮ್ಮ ಹೊರಗೆ ನೀರು ಕುಡಿದಿದ್ದು ಇವತ್ತೇ ಕಣೋ. ಪಾಪ, ಹೋಗೋಕೆ ಒಂದು ಚೊಕ್ಕ ಜಾಗ ಎಲ್ಲೂ ಸಿಕ್ತಿರ್ಲಿಲ್ಲ…"

ನಾನು ಅದನ್ನು ವ್ರತವೆಂದುಕೊಂಡಿದ್ದೆ!

"ಏನ್ರೀ," ಹಿಂದಿನಿಂದ ದೊಡ್ಡಮ್ಮನ ದನಿ, "ಇನ್ನೊಂದು ಬಾಟಲಿ ತಂದಿದೀರಾ?"

ದೊಡ್ಡಪ್ಪ ಬೆಂಚಿನ ಕೆಳಗಿನ ಪೆಟ್ಟಿಗೆಯ ಮುಚ್ಚಳ ಎತ್ತಿದರು. ಅದರ ತುಂಬ ನೀರಿನ ಬಾಟಲಿಗಳಿದ್ದವು.