ನಾಲ್ಕು ಗೇಣಿನ ಕೊಡಲಿ

ಮನೆಯವರೆಲ್ಲ ಪ್ರವಾಸ ಹೊರಟಾಗ ಗಿಡಗಳಿಗೆ ನೀರು ಹಾಕಲು ಒಬ್ಬರು ಬೇಕಲ್ಲ, ಆ ಹುದ್ದೆ ಮೂರು ವರ್ಷದಿಂದ ನನ್ನದು. ಮಗಳು, ಅಳಿಯ, ಮೊಮ್ಮಗಳು ವರ್ಷಕ್ಕೊಮ್ಮೆ ಕೆರೆಯ ದಡದಲ್ಲಿ ಡೇರೆ ಹಾಕಿ ಎರಡು ದಿನ ಇದ್ದು ಬರುತ್ತಾರೆ. ಆ ಎರಡು ದಿನ ನಾನು ಹನ್ನೊಂದು ಕುಂಡಗಳ ಮಹಾರಾಣಿ. (ಹನ್ನೆರಡಿದ್ದವು. ಒಂದು ಹೋದ ವರ್ಷ ನನ್ನ ಆಳ್ವಿಕೆಯಲ್ಲೇ ತೀರಿಕೊಂಡಿತು, ನೀರು ಹೆಚ್ಚಾಗಿ.)

ನನಗೂ ಹೋಗುವ ಆಸೆ. ಕೆರೆ ನೋಡಲಿಕ್ಕಲ್ಲ, ಬೆಂಕಿ ನೋಡಲಿಕ್ಕೆ. ಸಂಜೆಯಾದರೆ ಅವರು ಬೆಂಕಿ ಹಾಕಿಕೊಂಡು ಸುತ್ತ ಸುಮ್ಮನೆ ಕೂರುತ್ತಾರಂತೆ. ನಾನು ಐವತ್ತು ವರ್ಷ ಬೆಂಕಿಯ ಮುಂದೆ ಕೂತವಳೇ. ಆದರೆ ಅದರ ಮೇಲೆ ಯಾವಾಗಲೂ ಒಂದು ಪಾತ್ರೆ ಇರುತ್ತಿತ್ತು. ಪಾತ್ರೆಯಿಲ್ಲದ ಬೆಂಕಿಯ ಮುಂದೆ ಒಮ್ಮೆಯಾದರೂ ಕೈಕಟ್ಟಿ ಕೂರಬೇಕು, ಅಷ್ಟೇ.

ಈ ವರ್ಷ ದಾರಿ ತೆರೆದದ್ದು ಒಂದು ಕೊಡಲಿ. ಹೋದ ಸಲ ಅಳಿಯಂದಿರು ಅಡುಗೆಮನೆಯ ದೊಡ್ಡ ಚಾಕುವಿನಲ್ಲಿ ಸೌದೆ ಸೀಳಲು ಹೋಗಿದ್ದರು. ಸೌದೆ ಒಂದೇ ಉಳಿಯಿತು, ಚಾಕು ಎರಡಾಯಿತು. ಹಾಗಾಗಿ ಈ ಸಲ ಕೊಡಲಿ ಕೊಳ್ಳಲೇಬೇಕೆಂದು ತೀರ್ಮಾನ. ಅಳಿಯಂದಿರದು ಕನ್ನಡಕದ ಅಂಗಡಿ. ಗಾಜು ಬದಲಿಸಿ ಬದಲಿಸಿ ನೋಡದೆ ಏನನ್ನೂ ಒಪ್ಪುವವರಲ್ಲ. ಒಂಬತ್ತು ದಿನ ಊಟದ ತಟ್ಟೆಯ ಪಕ್ಕ ಮೊಬೈಲಿಟ್ಟುಕೊಂಡು ಕೊಡಲಿ ನೋಡಿದರು. ಹತ್ತನೆಯ ದಿನ ಒಂದನ್ನು ಮೆಚ್ಚಿದರು.

“ನೋಡು, ಎಂಥ ಮಿಂಚು! ಜೊತೆಗೆ ಚರ್ಮದ ಚೀಲ ಬೇರೆ.”

“ಬೆಲೆ ನೋಡಿದ್ರಾ?” ಎಂದಳು ಮಗಳು. “ಇದರಲ್ಲಿ ಮೂರು ಒಲೆ ಬರುತ್ತೆ. ಚರ್ಮದ ಚೀಲ ಯಾಕೆ? ಕೊಡಲಿಗೇನು ಚಳಿನಾ?”

ಆಗ ನಾನು ಬಾಯಿ ಹಾಕಿದೆ. ನಾನೂ ನಮ್ಮ ಯಜಮಾನರೂ ಮೂವತ್ತೊಂದು ವರ್ಷ ಸೌದೆ ಡಿಪೋ ನಡೆಸಿದವರು. ಅವರು ತೂಕ ಹಾಕುತ್ತಿದ್ದರು, ನಾನು ಸೀಳುತ್ತಿದ್ದೆ. (ಇದು ತಿರುಗುಮುರುಗು ಎಂದು ನೋಡಿದವರು ಹೇಳುತ್ತಿದ್ದರು. ಅವರ ತೂಕ ಎಂದೂ ತಪ್ಪಲಿಲ್ಲ, ನನ್ನ ಏಟೂ ತಪ್ಪಲಿಲ್ಲ.)

“ಆ ಬೆಲೆಯ ಮೂರರಲ್ಲಿ ಒಂದು ಪಾಲಿಗೆ ನಾನು ಕೊಡಲಿ ಆರಿಸಿಕೊಡ್ತೀನಿ. ಆದ್ರೆ ನನ್ನನ್ನೂ ಕರ್ಕೊಂಡು ಹೋಗ್ಬೇಕು.”

“ಅತ್ತೆ, ಅಲ್ಲಿ ನೆಲದ ಮೇಲೆ ಮಲಗ್ಬೇಕು,” ಎಂದರು ಅಳಿಯಂದಿರು.

“ನಾನೇನು ಮಂಚದ ಸಮೇತ ಹುಟ್ಟಿದ್ನಾ?”

ಮೊಮ್ಮಗಳು ಓಡಿಹೋಗಿ ಕಾಗದ ತಂದಳು. ಹತ್ತು ವರ್ಷದ ಇವಳಿಗೆ ಮನೆಯಲ್ಲಿ ಲಾಯರಮ್ಮ ಎಂದೇ ಹೆಸರು. ‘ಅಜ್ಜಿ ಆರಿಸಿದ ಕೊಡಲಿ ಕಾರಿನಲ್ಲಿ ಬಂದರೆ ಅಜ್ಜಿಯೂ ಬರತಕ್ಕದ್ದು. ಕೊಡಲಿ ಬಾರದಿದ್ದರೆ ಅಜ್ಜಿಯೂ ಬರತಕ್ಕದ್ದಲ್ಲ’ ಎಂದು ಕರಾರುಪತ್ರ ಬರೆದಳು. ನಾನು ಅಕ್ಷರಕ್ಕೆ ಅಕ್ಷರ ಕೂಡಿಸಿ ಎರಡು ಸಲ ಓದಿ, ಆಮೇಲೆಯೇ ಸಹಿ ಹಾಕಿದೆ.

ಮರುದಿನ ಕಬ್ಬಿಣದ ಸಾಮಾನಿನ ಅಂಗಡಿಗೆ ಹೋದೆವು. ಅಂಗಡಿಯವನು ಕೆಂಪು ಕಾವಿನದೊಂದು, ಹಸಿರು ಕಾವಿನದೊಂದು ತಂದಿಟ್ಟ.

“ಬಣ್ಣ ಬೇಡಪ್ಪ. ಬಣ್ಣ ಬಳಿದ ಕಾವು ಅಂದ್ರೆ ಪೌಡರ್ ಬಳಿದ ಮುಖ. ಒಳಗೆ ಗಂಟಿದೆಯೋ ಬಿರುಕಿದೆಯೋ ಹೇಗೆ ಗೊತ್ತಾಗುತ್ತೆ?”

ಬಣ್ಣವಿಲ್ಲದವು ಬಂದವು. ಒಂದೊಂದನ್ನೂ ಬೆಳಕಿಗೆ ಹಿಡಿದೆ. ಮರದ ಎಳೆ ಕಾವಿನ ಉದ್ದಕ್ಕೆ ನೇರ ಓಡಿರಬೇಕು. ಅಡ್ಡ ಓಡಿದ್ದರೆ ಹತ್ತನೇ ಏಟಿಗೆ ಮುರಿಯುತ್ತದೆ. ಒಂದು ಕಣ್ಣು ಮುಚ್ಚಿ ನೋಡಿದರೆ ಅಲಗು ಕಾವಿನ ನೇರಕ್ಕೇ ಇರಬೇಕು. ತಲೆಯೊಳಗೆ ಬಡಿದ ಬೆಣೆ ಅಲುಗಬಾರದು. ಆರು ಕೊಡಲಿ ನೋಡಿ ಆರನ್ನೂ ಪಕ್ಕಕ್ಕಿಟ್ಟೆ. ಅಂಗಡಿಯವನು ಸ್ಟೂಲು ಎಳೆದುಕೊಂಡು ಕೂತ.

“ಅಜ್ಜಿ, ನೀವು ಕೊಡಲಿ ಕೊಳ್ತಿದ್ದೀರೋ, ಅಳಿಯನ್ನ ಆರಿಸ್ತಿದ್ದೀರೋ?”

“ಅಳಿಯನ್ನ ಇಷ್ಟೆಲ್ಲ ನೋಡಿರಲಿಲ್ಲಪ್ಪ,” ಎಂದುಬಿಟ್ಟೆ. ಅಳಿಯಂದಿರು ಪಕ್ಕದಲ್ಲೇ ನಿಂತಿದ್ದದ್ದು ಆಮೇಲೆ ನೆನಪಾಯಿತು. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಅವರಿಗೆ ಬೇಸರವಾದರೆ ಹಾಗೆಯೇ ಮಾಡುವುದು.

ಸ್ವಲ್ಪ ಹೊತ್ತಿಗೆ ಅವರೇ ಒಂದು ಪುಟ್ಟ ಕೊಡಲಿ ಹಿಡಿದು ಬಂದರು. ಎರಡು ಗೇಣು ಕಾವು. “ಅತ್ತೆ, ಡೇರೆ ಜೊತೆ ಒಯ್ಯೋಕೆ ಇದು ಸಾಕಲ್ವಾ? ಚೀಲದಲ್ಲೇ ಹಿಡಿಸುತ್ತೆ.”

“ಇದು ಪೆನ್ಸಿಲ್ ಚೂಪು ಮಾಡೋಕೆ ಸರಿ,” ಎಂದೆ.

ಕೊನೆಗೆ ಅಂಗಡಿಯ ಮೂಲೆಯಲ್ಲಿ, ಹಗ್ಗದ ಸುರುಳಿಗಳ ಹಿಂದೆ, ಅದು ಸಿಕ್ಕಿತು. ಧೂಳು ಹಿಡಿದಿತ್ತು, ಯಾರೂ ಮುಟ್ಟಿರಲಿಲ್ಲ. ನಾಲ್ಕು ಗೇಣಿನ ಕಾವು, ಬಾಚಿದ ಕೂದಲಿನ ಹಾಗೆ ನೇರ ಎಳೆ. ಬೆರಳಿನಿಂದ ಅಲಗು ತಟ್ಟಿದೆ, ಟಿಣ್ ಎಂದಿತು. ಬೆಲೆ ಮೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ರಾಜ್ಯ ಗೆದ್ದವಳ ಹಾಗೆ ಹೆಗಲ ಮೇಲಿಟ್ಟುಕೊಂಡು ಮನೆಗೆ ಬಂದೆ. ದಾರಿಯಲ್ಲಿ ಇಬ್ಬರು ರಸ್ತೆಯ ಆಚೆ ಬದಿಗೆ ಹೋದರು.

ಹೊರಡುವ ದಿನ ಬೆಳಗ್ಗೆ ಹನ್ನೊಂದು ಕುಂಡಕ್ಕೂ ಎರಡು ದಿನದ ನೀರು ಹಾಕಿ, ಎಲ್ಲರಿಗಿಂತ ಮೊದಲು ಸಿದ್ಧಳಾಗಿ ಮೆಟ್ಟಿಲ ಮೇಲೆ ಕೂತಿದ್ದೆ. ನಮ್ಮದು ಬೆಂಕಿಪೊಟ್ಟಣದಂಥ ಕಾರು. ಡಿಕ್ಕಿಯಲ್ಲಿ ಡೇರೆ, ಒಲೆ, ಪಾತ್ರೆ, ಜೊತೆಗೆ ಒಂದು ಹೊಸ ಮಡಿಸುವ ಹಾಸಿಗೆ.

“ಇದು ಯಾರಿಗೆ?” ಎಂದೆ.

“ನಿಮಗೇ ಅತ್ತೆ. ನೆಲದ ಮೇಲೆ ಬೆನ್ನು ನೋಯುತ್ತಲ್ಲ,” ಎಂದರು ಅಳಿಯಂದಿರು. ಅಂಗಡಿಯಲ್ಲಿ ಅವರ ಬಗ್ಗೆ ಆಡಿದ್ದು ನೆನಪಾಯಿತು.

ಕೊನೆಗೆ ಕೊಡಲಿ ಬಂತು. ಉದ್ದಕ್ಕಿಟ್ಟರೆ ಡಿಕ್ಕಿ ಮುಚ್ಚದು, ಅಡ್ಡಕ್ಕಿಟ್ಟರೆ ಡೇರೆ ಹಿಡಿಸದು. ಕಾಲಬುಡದಲ್ಲಿ ನೀರಿನ ಕ್ಯಾನು. ನೆತ್ತಿಯ ಮೇಲೆ ಕಟ್ಟೋಣವೆಂದರೆ ಕಾರಿನ ನೆತ್ತಿ ಬೋಳು. ಮಹಾಶಯ ಕೊಡಲಿಗೆ ಹಿಡಿಸಿದ್ದು ಒಂದೇ ಜಾಗ: ಹಿಂದಿನ ಸೀಟಿನಲ್ಲಿ, ಲಾಯರಮ್ಮನ ಪಕ್ಕ, ಮೂಲೆಯಿಂದ ಮೂಲೆಗೆ. ಅಂದರೆ ನಾನು ಕೂರಬೇಕಾದಲ್ಲಿ.

ತಮ್ಮ ಕಾಲಿನ ಮೇಲೆ ತಾವೇ ಕೊಡಲಿ ಹಾಕಿಕೊಂಡವರ ಕಥೆ ಕೇಳಿದ್ದೆ. ನಾನು ಸೀಟಿನ ಮೇಲೆ ಹಾಕಿಕೊಂಡಿದ್ದೆ. ಎಳೆ ನೋಡಿದ್ದೆ, ಅಲಗು ನೋಡಿದ್ದೆ, ಬೆಣೆ ನೋಡಿದ್ದೆ. ಕಾರು ನೋಡಿರಲಿಲ್ಲ.

“ಅಮ್ಮ, ಕೊಡಲಿ ಬಿಟ್ಟು ನೀನು ಬಾ,” ಎಂದಳು ಮಗಳು.

“ಕೊಡಲಿ ಬಾರದಿದ್ದರೆ ಅಜ್ಜಿಯೂ ಬರತಕ್ಕದ್ದಲ್ಲ,” ಎಂದು ಲಾಯರಮ್ಮ ಕರಾರುಪತ್ರ ಬಿಚ್ಚಿದಳು.

“ಸಾಕು ಸುಮ್ನಿರೇ!” ಎಂದು ಮಗಳು ಗದರಿದಳು.

“ಅವಳು ಹೇಳೋದು ಸರಿ,” ಎಂದೆ. “ಸಹಿ ಸಹಿಯೇ. ಗರಗಸ ತನ್ನಿ.”

ಡಿಕ್ಕಿಯ ಮೂಲೆಯಲ್ಲಿ ಉಳಿದಿದ್ದ ಸಂದನ್ನು ಗೇಣು ಹಾಕಿ ಅಳೆದೆ. ಎರಡು ಗೇಣಿಗೆ ಎರಡು ಬೆರಳು ಕಡಿಮೆ. ಕಾವಿನ ಮೇಲೆ ಗುರುತು ಹಾಕಿ ಮೆಟ್ಟಿಲ ಮೇಲೆ ಕೂತು ಕುಯ್ಯತೊಡಗಿದೆ. ಕೊಡಲಿ ಕಾವು ಕುಲಕ್ಕೆ ಸಾವು ಎನ್ನುತ್ತಾರೆ. ಆ ದಿನ ಕಾವಿಗೆ ನಾನೇ ಸಾವಾದೆ. ಸುಲಭಕ್ಕೆ ತುಂಡಾಗಲಿಲ್ಲ. ಅಷ್ಟು ಗಟ್ಟಿ ಮರ! ಆರಿಸಿದವಳು ನಾನಲ್ಲವೇ? ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಅಳಿಯಂದಿರು ಕಾವನ್ನು ಅಲುಗದಂತೆ ಹಿಡಿದುಕೊಂಡರು. ತುಂಡಾದ ಮೇಲೆ ಮಾತ್ರ ಮೆಲ್ಲಗೆ ಹೇಳಿದರು:

“ಅತ್ತೆ, ಆ ಪೆನ್ಸಿಲ್ ಕೊಡಲಿ ಇದಕ್ಕಿಂತ ಎರಡು ಬೆರಳು ಉದ್ದ ಇತ್ತು.”

ಹೊರಟೆವು. ಕುಯ್ದ ತುಂಡನ್ನು ನಾನು ಮಡಿಲಲ್ಲಿ ಇಟ್ಟುಕೊಂಡೆ.

ಕೆರೆಯ ದಡದಲ್ಲಿ ಅದೇ ಉಪಯೋಗಕ್ಕೆ ಬಂತು. ಮೋಟು ಕಾವಿನ ಕೊಡಲಿಯನ್ನು ಬೀಸಿ ಹೊಡೆದರೆ ಅಪಾಯ. ಅಲಗನ್ನು ಸೌದೆಯ ಮೇಲೆ ಊರಿ, ಹಿಂಬದಿಗೆ ಆ ತುಂಡಿನಿಂದ ತಟ್ಟಿದೆ. ಸೌದೆ ಪುಸ್ತಕದ ಹಾಗೆ ತೆರೆದುಕೊಂಡಿತು. ಅಳಿಯಂದಿರೂ ಕಲಿತು ನಾಲ್ಕು ಸೀಳಿದರು. ಬೆಂಕಿ ಹತ್ತಿತು. ಪಾತ್ರೆಯಿಲ್ಲದ ಬೆಂಕಿ! ನಾನು ಕೈಕಟ್ಟಿ ಕೂತೆ. ಕೂತು ಎಷ್ಟು ಹೊತ್ತಾಯಿತೋ, ಹತ್ತು ಉಸಿರು ಇರಬಹುದು, ಪಕ್ಕದ ಡೇರೆಯಿಂದ ಒಬ್ಬರು ಬಂದರು.

“ಅಮ್ಮ, ನಿಮ್ಮ ಕೊಡಲಿ ಸ್ವಲ್ಪ ಕೊಡ್ತೀರಾ?”

ಮೋಟು ಕೊಡಲಿಯನ್ನು ಗೊತ್ತಿಲ್ಲದವರ ಕೈಗೆ ಹೇಗೆ ಕೊಡುವುದು? ನಾನೇ ಎದ್ದು ಹೋದೆ. ಅದನ್ನು ನೋಡಿ ಇನ್ನೊಂದು ಡೇರೆಯವರು ಕರೆದರು, ಆಮೇಲೆ ಮತ್ತೊಂದು. ಕೊನೆಯ ಡೇರೆಯಲ್ಲಿ ಸೌದೆ ಹಸಿಯಾಗಿತ್ತು; ಅವರಿಗೆ ಬೈದು, ಒಣಗಿದ್ದನ್ನು ಹೇಗೆ ಆರಿಸಬೇಕೆಂದು ತೋರಿಸಿ ಬಂದೆ. ಒಟ್ಟು ಏಳು ಡೇರೆ. ಸೌದೆ ಡಿಪೋ ಮತ್ತೆ ಬಾಗಿಲು ತೆರೆದಂತಾಯಿತು. ಸುತ್ತ ಏಳು ಬೆಂಕಿ ಉರಿಯುತ್ತಿದ್ದವು. ನಮ್ಮದು ಬೂದಿಯಾಗಿತ್ತು.

“ಎಂಥ ಬೆಂಕಿ ಅತ್ತೆ! ನೀವು ನೋಡ್ಬೇಕಿತ್ತು,” ಎಂದರು ಅಳಿಯಂದಿರು.

ಮನೆಗೆ ಬಂದ ದಿನವೇ ಅವರು ಮುಂದಿನ ವರ್ಷದ ಸಾಮಾನಿನ ಪಟ್ಟಿ ಬರೆದು ಗೋಡೆಗೆ ಅಂಟಿಸಿದರು. ಎಲ್ಲರೂ ಒಳಗೆ ಹೋದ ಮೇಲೆ ನಾನು ನಿಂತು ಕೂಡಿಸಿಕೊಂಡು ಓದಿದೆ. ಡೇರೆ. ಹಾಸಿಗೆ. ಅತ್ತೆ. ಒಲೆ. ಹಗ್ಗ. (ಒಲೆಗಿಂತ ಮೇಲೆ! ಗಮನಿಸಿ.) ಕೊಡಲಿ ಎಲ್ಲೂ ಇರಲಿಲ್ಲ.

“ಕೊಡಲಿ ಬರೆದಿಲ್ವಲ್ಲ?” ಎಂದು ಒಳಗೆ ಹೋಗಿ ಅಳಿಯಂದಿರನ್ನು ಕೇಳಿದೆ.

“ಅತ್ತೆ ಬಂದ ಮೇಲೆ ಕೊಡಲಿ ಬರದೇ ಇರುತ್ತಾ?”

ಸಾಮಾನಿನ ಪಟ್ಟಿಗೆ ಸೇರಿದ ಮೇಲೆ ಸಾಮಾನಿನ ಹಾಗೆ ಇರಬೇಕು. ಆ ಸಂಜೆಯೇ ಹೋಗಿ ಕಾರಿನ ಹಿಂದಿನ ಸೀಟನ್ನು ಗೇಣು ಹಾಕಿ ಅಳೆದೆ. ಲಾಯರಮ್ಮನ ಪಾಲು ಬಿಟ್ಟರೆ ಎರಡೂವರೆ ಗೇಣು. ನಾನು ಎರಡು ಗೇಣು, ಮೂರು ಬೆರಳು. ಅವಳು ವರ್ಷದಲ್ಲಿ ತೀರ ದಪ್ಪಗಾಗದಿದ್ದರೆ ಸಾಕು, ಮುಂದಿನ ಸಲ ಗರಗಸ ಬೇಕಾಗುವುದಿಲ್ಲ.